ಐದನೆಯವಳು ಬರುವ ತನಕ

ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಅರ್ಧ ಗಂಟೆ ಬಂದರೆ ಬೆಲ್ಮಾಂಟ್ ಅಂತ ಒಂದು ಊರು. ಅಲ್ಲಿ ಗುಡ್ಡದ ಮೇಲೆ ಕ್ರಿಸ್ಟಲ್ ಸ್ಪ್ರಿಂಗ್ಸ್ ಅನ್ನುವ ಓಟದ ದಾರಿ ಇದೆ. ಬರೀ ಮಣ್ಣು, ಒಣಗಿದ ಹುಲ್ಲು, ಏರು, ಇಳಿಜಾರು. ಉದ್ದ 2.95 ಮೈಲಿ, ಅಂದರೆ ಹತ್ತಿರ ಹತ್ತಿರ ನಾಲ್ಕು ಮುಕ್ಕಾಲು ಕಿಲೋಮೀಟರ್. ಹೋದ ವರ್ಷದ ಸೀಸನ್ ಪೂರ್ತಿ ಅಲ್ಲಿ ಒಂದು ಮೈಲಿಯ ಗುರುತಿನ ಪಕ್ಕ ನಿಂತು ಸ್ಟಾಪ್‌ವಾಚ್ ನೋಡಿ ಸಮಯ ಕೂಗುವ ಕೆಲಸ ನನ್ನದಾಗಿತ್ತು. "ಆರು ಹತ್ತು, ಆರು ಹನ್ನೊಂದು, ಆರು ಹನ್ನೆರಡು..." ಮಕ್ಕಳು ಗುಂಪಾಗಿ ಬರುತ್ತಾರೆ. ನೂರಾರು ಕಾಲುಗಳ ಸದ್ದು ಮೊದಲು ನೆಲದಲ್ಲಿ ಗೊತ್ತಾಗುತ್ತದೆ, ಆಮೇಲೆ ಧೂಳು ಕಾಣಿಸುತ್ತದೆ, ಕೊನೆಗೆ ಮುಖಗಳು.

ಇಲ್ಲಿ ಇದನ್ನು ಕ್ರಾಸ್ ಕಂಟ್ರಿ ಅನ್ನುತ್ತಾರೆ. ನಮ್ಮ ಪೇಪರ್‌ಗಳಲ್ಲಿ ಗುಡ್ಡಗಾಡು ಓಟ ಅಂತ ಬರೆಯುತ್ತಾರೆ. ನನಗೆ ನಮ್ಮ ಹೆಸರೇ ಇಷ್ಟ. ಅದನ್ನು ಕೇಳಿದರೆ ಕಾಲಿಗೆ ಏರು ಹತ್ತಿದ ಹಾಗಾಗುತ್ತದೆ.

ನನ್ನ ಮಗಳು ಆಗ ಹನ್ನೊಂದನೇ ತರಗತಿ. ಓಟ ಅವಳಿಗೆ ಅದು ಮೂರನೇ ವರ್ಷ. ಕನ್ನಡ ಕೂಟದಲ್ಲಿ ಸಿಗುವ ಅಪ್ಪ ಅಮ್ಮಂದಿರು ನನ್ನನ್ನು ಆಗಾಗ ಕೇಳುತ್ತಾರೆ, ಇದಕ್ಕೆ ಸೇರಿಸಬಹುದಾ, ಓದಿಗೆ ತೊಂದರೆ ಆಗಲ್ವಾ, ಮಗು ಬಡವಾಗಲ್ವಾ ಅಂತ. ಒಂದು ಸೀಸನ್ ಹೇಗಿರುತ್ತದೆ ಅಂತ ನಾನು ಕಂಡಷ್ಟನ್ನು ಅವರಿಗೋಸ್ಕರ ಬರೆದಿಡುತ್ತಿದ್ದೇನೆ.

ರೇಸ್ ನಡೆಯುವುದು ಸೆಪ್ಟೆಂಬರ್‌ನಿಂದ. ಆದರೆ ಸೀಸನ್ ಶುರುವಾಗುವುದು ಜೂನ್‌ನಲ್ಲಿ, ಶಾಲೆಗೆ ರಜೆ ಬಿಟ್ಟ ಮಾರನೇ ವಾರ. ಬೆಳಿಗ್ಗೆ ಆರೂವರೆಗೆ ಮಕ್ಕಳನ್ನು ರ್‍ಯಾಂಚೊ ಸ್ಯಾನ್ ಆಂಟೋನಿಯೊ ಅನ್ನುವ ಕಾಡಿನ ಬಾಗಿಲಿಗೆ ಬಿಡಬೇಕು. ತಡವಾದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಒಳಗೆ ಜಿಂಕೆಗಳು ದಾರಿ ಪಕ್ಕದಲ್ಲೇ ಮೇಯುತ್ತಿರುತ್ತವೆ, ಯಾರಿಗೂ ಹೆದರುವುದಿಲ್ಲ. ಮೊದಲ ವಾರ ಒಟ್ಟು ಹದಿನೈದು ಮೈಲಿ, ಆಮೇಲೆ ವಾರ ವಾರ ಸ್ವಲ್ಪ ಸ್ವಲ್ಪ ಜಾಸ್ತಿ. ಆಗಸ್ಟ್ ಹೊತ್ತಿಗೆ ಮೂವತ್ತು. ಒಂದೇ ಸಲ ಏರಿಸಿದರೆ ಮೊಣಕಾಲ ಕೆಳಗಿನ ಮೂಳೆ ನೋಯಲು ಶುರುವಾಗುತ್ತದೆ. ಎಷ್ಟು ಓಡಿದೆ, ಹೇಗನಿಸಿತು ಅಂತ ಪ್ರತಿ ದಿನ ಬರೆದಿಡಬೇಕು. ಮಗಳ ಪುಸ್ತಕದಲ್ಲಿ ಜುಲೈ ತಿಂಗಳ ಒಂದು ದಿನ ಬರೀ ಇಷ್ಟಿದೆ: "5 ಮೈಲಿ. ಮಂಜು. ಯಾರೂ ಮಾತಾಡಲಿಲ್ಲ. ಚೆನ್ನಾಗಿತ್ತು."

ಈ ಆಟದಲ್ಲಿ ಯಾರನ್ನೂ ಬೇಡ ಅನ್ನುವುದಿಲ್ಲ. ಬ್ಯಾಸ್ಕೆಟ್‌ಬಾಲ್‌ಗೆ, ವಾಲಿಬಾಲ್‌ಗೆ ಆಯ್ಕೆ ಇದೆ, ಹೆಸರು ಬರದ ಮಕ್ಕಳು ಅಳುತ್ತಾ ಮನೆಗೆ ಬರುತ್ತಾರೆ. ಇಲ್ಲಿ ವೈದ್ಯರು ಸಹಿ ಮಾಡಿದ ಆರೋಗ್ಯದ ಫಾರಂ ಕೊಟ್ಟು ದಿನಾ ಬಂದರೆ ಸಾಕು, ನೀನು ತಂಡದಲ್ಲಿದ್ದೀಯ. ಬೆಂಚಿನ ಮೇಲೆ ಕೂರುವವರು ಇಲ್ಲವೇ ಇಲ್ಲ. ನಮ್ಮ ಶಾಲೆಯಲ್ಲಿ ಹುಡುಗರು ಹುಡುಗಿಯರು ಸೇರಿ ಎಪ್ಪತ್ತು ಮಂದಿ. ಎಲ್ಲರಿಗೂ ಒಂದಲ್ಲ ಒಂದು ರೇಸ್ ಇರುತ್ತದೆ. ಹುಡುಗರಲ್ಲಿ ವೇಗದ ಏಳು ಜನ, ಹುಡುಗಿಯರಲ್ಲಿ ವೇಗದ ಏಳು ಜನ ವಾರ್ಸಿಟಿ, ಅಂದರೆ ಶಾಲೆಯ ಮುಖ್ಯ ತಂಡ. ಆ ಏಳು ಸ್ಥಾನ ಯಾರಿಗೂ ಬರೆದು ಕೊಟ್ಟದ್ದಲ್ಲ. ಪ್ರತಿ ವಾರ ಗಡಿಯಾರ ಹೇಳಿದ ಹಾಗೆ ಬದಲಾಗುತ್ತದೆ.

ಇನ್ನು ಲೆಕ್ಕ. ಇದು ಗೊತ್ತಿಲ್ಲದಿದ್ದರೆ ಮೂರು ತಿಂಗಳು ಬಿಸಿಲಲ್ಲಿ ನಿಂತರೂ ಏನು ನಡೆಯುತ್ತಿದೆ ಅಂತ ತಿಳಿಯುವುದಿಲ್ಲ. ಮೊದಲ ವರ್ಷ ನನಗೂ ತಿಳಿದಿರಲಿಲ್ಲ. ಒಂದು ಶಾಲೆಯಿಂದ ಏಳು ಜನ ಓಡುತ್ತಾರೆ. ಮೊದಲು ಬಂದ ಐದು ಜನರ ಸ್ಥಾನವನ್ನು ಕೂಡಿಸುತ್ತಾರೆ. ಯಾರ ಮೊತ್ತ ಕಡಿಮೆಯೋ ಅವರು ಗೆದ್ದರು. ಒಂದು, ಎರಡು, ಮೂರು, ನಾಲ್ಕು, ಐದು, ಐದೂ ಸ್ಥಾನ ಒಂದೇ ಶಾಲೆಗೆ ಬಂದರೆ ಹದಿನೈದು. ಅದಕ್ಕಿಂತ ಕಡಿಮೆ ಸಾಧ್ಯವಿಲ್ಲ. ಆರನೆಯವಳ, ಏಳನೆಯವಳ ಸ್ಥಾನ ಮೊತ್ತಕ್ಕೆ ಸೇರುವುದಿಲ್ಲ. ಆದರೆ ಅವರು ಬೇರೆ ಶಾಲೆಯ ಐದನೆಯವಳಿಗಿಂತ ಮುಂದೆ ಬಂದರೆ ಅವಳು ಒಂದು ಸ್ಥಾನ ಹಿಂದೆ ಬೀಳುತ್ತಾಳೆ, ಆ ಶಾಲೆಯ ಮೊತ್ತ ಏರುತ್ತದೆ. ಎರಡು ಶಾಲೆಗಳ ಮೊತ್ತ ಸಮ ಬಂದರೆ ಆರನೆಯವಳು ಯಾರು ಮುಂದೆ ಅಂತ ನೋಡಿ ತೀರ್ಮಾನ ಮಾಡುತ್ತಾರೆ.

ನನ್ನ ಅಮ್ಮ ಕೊಪ್ಪದ ಹತ್ತಿರ ನಮ್ಮ ಮನೆಯಲ್ಲಿದ್ದಾರೆ. ಶನಿವಾರ ರಾತ್ರಿ ಇಲ್ಲಿ ಊಟ ಮುಗಿಸಿ ಫೋನ್ ಮಾಡಿದರೆ ಅಲ್ಲಿ ಭಾನುವಾರ ಬೆಳಿಗ್ಗೆ, ಕಾಫಿ ಹೊತ್ತು. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಕೂಸು ಎಷ್ಟನೆಯದಾಗಿ ಬಂತು?" ಇಪ್ಪತ್ತೆಂಟು ಅಂದರೆ ಪಾಪ, ಅವರಿಗೆ ಬೇಜಾರು. ಒಂದು ಭಾನುವಾರ ಕೂತು ಈ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಅಡಿಕೆ ಸುಲಿಯಕ್ಕೆ ಕೂತಂಗೆ ಅನ್ನು. ಒಬ್ಬಳು ಎಷ್ಟು ಚುರುಕಾಗಿ ಸುಲಿದ್ರೂ ರಾಶಿ ಮುಗಿಯಲ್ಲ. ನಿಧಾನದವಳ ಕೈ ಎಷ್ಟು ಓಡುತ್ತೆ ಅಂತ ನೋಡ್ಬೇಕು." ನಾನು ಇಷ್ಟು ಸರಿಯಾಗಿ ಯಾರಿಗೂ ಹೇಳಿರಲಿಲ್ಲ.

ಆ ವರ್ಷ ನಮ್ಮ ತಂಡದಲ್ಲಿ ಮೊದಲ ನಾಲ್ಕು ಹುಡುಗಿಯರು ಗಟ್ಟಿ. ಐದನೆಯವಳು ನನ್ನ ಮಗಳು. ಕೋಚ್ ಆಗಸ್ಟ್‌ನಲ್ಲೇ ಹೇಳಿಬಿಟ್ಟಿದ್ದರು, ನಾಲ್ಕನೆಯವಳಿಗೂ ಐದನೆಯವಳಿಗೂ ನಡುವೆ ಎಷ್ಟು ಅಂತರ ಇದೆಯೋ ಅದೇ ನಮ್ಮ ಸೀಸನ್ ಅಂತ. ಸೆಪ್ಟೆಂಬರ್‌ನ ಮೊದಲ ರೇಸ್‌ನಲ್ಲಿ ಅವಳು ಕ್ರಿಸ್ಟಲ್ ಸ್ಪ್ರಿಂಗ್ಸ್ ದಾರಿಯನ್ನು 20 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದಳು. ಅವಳಿಗೆ ಅದು ಅಲ್ಲಿವರೆಗಿನ ಅತ್ಯುತ್ತಮ ಸಮಯ. ಅಂತರ ಇಪ್ಪತ್ತೈದು ಸೆಕೆಂಡಿಗೆ ಇಳಿದಿತ್ತು. ಮನೆಗೆ ಬಂದು ಕಾಲುಚೀಲ ಕಳಚಿದಳು. ಕಣಕಾಲಿನ ಸುತ್ತ ಗೆರೆ ಎಳೆದ ಹಾಗೆ ಧೂಳು, ಅದರ ಮೇಲೆ ಕಂದು, ಕೆಳಗೆ ಬೆಳ್ಳಗೆ. ಅದನ್ನು ತೊಳೆಯದೆ ಒಂದು ಗಂಟೆ ಹಾಗೇ ಕೂತಿದ್ದಳು.

ರೇಸ್‌ನ ಹಿಂದಿನ ರಾತ್ರಿ ಯಾರಾದರೊಬ್ಬರ ಮನೆಯಲ್ಲಿ ತಂಡದ ಊಟ. ಪಾಸ್ತಾ ಪಾರ್ಟಿ ಅನ್ನುತ್ತಾರೆ. ಸೆಪ್ಟೆಂಬರ್ ಕೊನೆಗೆ ನಮ್ಮ ಸರದಿ ಬಂತು. ಪಾಸ್ತಾ ಮಾಡಿದೆ, ಜೊತೆಗೆ ಒಂದು ದೊಡ್ಡ ಪಾತ್ರೆ ಚಿತ್ರಾನ್ನ ಕಲಸಿದೆ. ಹದಿನೆಂಟು ಹುಡುಗಿಯರು ನೆಲದ ಮೇಲೆ ಕೂತರು. ಚಿತ್ರಾನ್ನದ ಪಾತ್ರೆ ಮೊದಲು ಖಾಲಿಯಾಯಿತು. ತಂಡದ ಕ್ಯಾಪ್ಟನ್ ತಳದಲ್ಲಿ ಉಳಿದ ಕಡಲೆಬೀಜಗಳನ್ನು ಒಂದೊಂದೇ ಹೆಕ್ಕಿ ತಿಂದಳು. ಅವಳ ಅಪ್ಪ ಅಮ್ಮ ಬಂದಿದ್ದು ಮೆಕ್ಸಿಕೋದಿಂದ. ನಿಂಬೆಹುಳಿ, ಕಡಲೆಬೀಜ ಅವರ ಮನೆಯಲ್ಲೂ ಇದೆಯಂತೆ. ಆ ಸೀಸನ್ ಮುಗಿಯುವವರೆಗೆ ಪ್ರತಿ ಶುಕ್ರವಾರ ಯಾರ ಮನೆಯಲ್ಲಿ ಊಟ ಇದ್ದರೂ ಚಿತ್ರಾನ್ನ ನಮ್ಮ ಮನೆಯಿಂದಲೇ ಹೋಯಿತು.

ಅಕ್ಟೋಬರ್ ಹೊತ್ತಿಗೆ ಏನೋ ತಪ್ಪುತ್ತಿತ್ತು. ನಾನು ಬೇಗ ನೋಡಬೇಕಿತ್ತು, ನೋಡಲಿಲ್ಲ. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಹೊಗೆ ಬಂತು. ಎಲ್ಲೋ ದೂರದ ಕಾಡಿಗೆ ಬೆಂಕಿ ಬಿದ್ದು ನಾಲ್ಕು ದಿನ ಆಕಾಶ ಮಬ್ಬಾಗಿತ್ತು. ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಸೂಚ್ಯಂಕ 150 ದಾಟಿದರೆ ಹೊರಗೆ ಓಡಿಸುವುದಿಲ್ಲ. ಮಕ್ಕಳು ಜಿಮ್ ಒಳಗೆ ವ್ಯಾಯಾಮ ಮಾಡಿದರು. ಆ ವಾರ ಮಗಳು ಸುಸ್ತು ಅಂದಳು. ಹೊಗೆಗೆ ಇರಬೇಕು ಅಂದುಕೊಂಡೆವು.

ಆಮೇಲೆ ಫ್ರೆಸ್ನೊದಲ್ಲಿ ಕ್ಲೋವಿಸ್ ಇನ್ವಿಟೇಷನಲ್. ಅದು ದೊಡ್ಡ ರೇಸ್, ಕ್ಯಾಲಿಫೋರ್ನಿಯಾದ ಎಲ್ಲ ಕಡೆಯಿಂದ ಶಾಲೆಗಳು ಬರುತ್ತವೆ. ನಡೆಯುವುದು ವುಡ್‌ವರ್ಡ್ ಪಾರ್ಕ್‌ನಲ್ಲಿ. ನವೆಂಬರ್‌ನಲ್ಲಿ ರಾಜ್ಯ ಮಟ್ಟದ ರೇಸ್ ಕೂಡ ಅಲ್ಲೇ. ಆದ್ದರಿಂದ ದಾರಿಯ ಪರಿಚಯ ಆಗಲಿ ಅಂತ ಹೋಗುತ್ತಾರೆ. ಫ್ರೆಸ್ನೊ ಬಯಲು ಸೀಮೆ, ಅಕ್ಟೋಬರ್‌ನಲ್ಲೂ ಬಿಸಿಲು ಸುಡುತ್ತದೆ. ಮಗಳು ಮೂರನೇ ಮೈಲಿಯಲ್ಲಿ ನಡೆದ ಹಾಗೆ ಓಡಿದಳು. ಬಿಸಿಲಿಗೆ ಇರಬೇಕು ಅಂದುಕೊಂಡೆವು.

ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದಳು. ಹೋಮ್‌ವರ್ಕ್ ಮುಂದೆ ಕೂತು ನಿದ್ದೆ ಮಾಡುತ್ತಿದ್ದಳು. ಐಸ್ ತುಂಡುಗಳನ್ನು ಕಟಕಟ ಅಗಿಯುತ್ತಿದ್ದಳು. ಅದಕ್ಕೆ ನಾನು ಬೈದಿದ್ದೆ ಕೂಡ, ಹಲ್ಲು ಹಾಳಾಗುತ್ತೆ ಅಂತ.

ಅಕ್ಟೋಬರ್ ನಡುವೆ ಲೀಗ್ ರೇಸ್, ಅಂದರೆ ಸುತ್ತಮುತ್ತಲಿನ ಶಾಲೆಗಳ ಗುಂಪಿನ ರೇಸ್. ಅಂದು ನಾನು ಒಂದು ಮೈಲಿ ಗುರುತಿನಲ್ಲಿ ಇದ್ದೆ. ನಮ್ಮ ನಾಲ್ವರು ಹೋದರು. ನಾನು ಸಮಯ ಕೂಗುತ್ತಲೇ ಇದ್ದೆ, ಮಗಳು ಬರಲಿಲ್ಲ. ಬಂದಾಗ ಬಾಯಿ ತೆರೆದಿತ್ತು, ತುಟಿ ಬಿಳಚಿತ್ತು. ನನ್ನ ಮುಖ ನೋಡಿದಳು, ಆದರೆ ನೋಡಿದ ಹಾಗಿರಲಿಲ್ಲ. ಆ ದಿನದ ಅಂಕ ನನಗೆ ಬಾಯಿಪಾಠ. ನಮ್ಮವರು 4, 9, 12, 15, 38. ಮೊತ್ತ 78. ಗೆದ್ದ ಶಾಲೆಯವರು 8, 10, 14, 17, 21. ಮೊತ್ತ 70. ಜೋಡಿ ಜೋಡಿ ಇಟ್ಟು ನೋಡಿ. ಮೊದಲ ನಾಲ್ಕರಲ್ಲೂ ನಮ್ಮವರೇ ಮುಂದೆ. ಸೋತಿದ್ದು ಐದನೆಯದರಲ್ಲಿ. ಆ 38 ನನ್ನ ಮಗಳು.

ಟೆಂಟಿನ ಹಿಂದೆ ಹೋಗಿ ಕೂತು ಅತ್ತಳು. ಕ್ಯಾಪ್ಟನ್ ಹೋಗಿ ಪಕ್ಕದಲ್ಲಿ ಕೂತಳು. ಏನೂ ಹೇಳಲಿಲ್ಲ, ಕಿತ್ತಳೆ ಹಣ್ಣು ಸುಲಿದು ಅರ್ಧ ಕೊಟ್ಟಳು. ಕೋಚ್ ನನ್ನ ಹತ್ತಿರ ಬಂದು ಬಹಳ ಮೆತ್ತಗೆ ಕೇಳಿದರು, ರಕ್ತ ಪರೀಕ್ಷೆ ಮಾಡಿಸಿದ್ದೀರಾ, ಫೆರಿಟಿನ್ ನೋಡಿದ್ದಾರಾ ಅಂತ. ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು.

ಫೆರಿಟಿನ್ ಅಂದರೆ ದೇಹ ಕಬ್ಬಿಣವನ್ನು ಕೂಡಿಟ್ಟುಕೊಳ್ಳುವ ಪ್ರೋಟೀನ್. ಹಿಮೋಗ್ಲೋಬಿನ್ ಕೈಯಲ್ಲಿ ಓಡಾಡುವ ಕಾಸಿನ ಹಾಗೆ, ಫೆರಿಟಿನ್ ಡಬ್ಬಿಯಲ್ಲಿಟ್ಟ ಉಳಿತಾಯ. ಡಬ್ಬಿ ಖಾಲಿಯಾದರೂ ಕೈಯಲ್ಲಿ ಸ್ವಲ್ಪ ದಿನ ಕಾಸು ಇರುತ್ತದೆ. ಮಗಳ ಹಿಮೋಗ್ಲೋಬಿನ್ 12.1, ಪರವಾಗಿಲ್ಲ ಅನ್ನುವಂತೆ ಇತ್ತು. ಅದೊಂದನ್ನೇ ನೋಡಿದ್ದರೆ ಏನೂ ಇಲ್ಲ ಅಂತ ಮನೆಗೆ ಕಳಿಸುತ್ತಿದ್ದರು. ಫೆರಿಟಿನ್ ಮಾತ್ರ 8. ಬಹಳ ಕಡಿಮೆ ಅಂದರು ಡಾಕ್ಟರ್. ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಮಗಳನ್ನೇ ಕೇಳಿದರು. ಓಡುವ ಹುಡುಗಿಯರಲ್ಲಿ ಅದು ನಿಂತರೆ ಹೆಚ್ಚಾಗಿ ಊಟ ಸಾಲುತ್ತಿಲ್ಲ ಅಂತ ಅರ್ಥ, ಮೂಳೆಗೂ ಕಷ್ಟ, ಓಟಕ್ಕೆ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ನಂಬಬೇಡ ಅಂದರು. ಅವಳಿಗೆ ಸರಿಯಾಗೇ ಆಗುತ್ತಿತ್ತು. ತಿಂಗಳು ತಿಂಗಳು ಹೋಗುವ ರಕ್ತ, ದಿನಾ ಓಡಿ ಸುರಿಸುವ ಬೆವರು, ಬೆಳೆಯುವ ವಯಸ್ಸು, ಮಾಂಸ ತಿನ್ನದ ಮನೆ. ಬೇಕಾಗುವುದು ಜಾಸ್ತಿ, ಒಳಗೆ ಹೋಗುವುದು ಕಡಿಮೆ.

ನಾನು ಸೊಪ್ಪು ತಿನ್ನಿಸುತ್ತೇನೆ, ರಾಗಿ ತಿನ್ನಿಸುತ್ತೇನೆ ಅಂತ ಹೇಳಿದೆ. ಒಳ್ಳೆಯದೇ, ಆದರೆ ಸೊಪ್ಪು ಕಾಳುಗಳಲ್ಲಿ ಇರುವ ಕಬ್ಬಿಣವನ್ನು ದೇಹ ಸ್ವಲ್ಪವೇ ಹೀರಿಕೊಳ್ಳುತ್ತದೆ ಅಂದರು ಡಾಕ್ಟರ್. ಜೊತೆಗೆ ನಿಂಬೆ, ಕಿತ್ತಳೆ ಇದ್ದರೆ ಜಾಸ್ತಿ ಸಿಗುತ್ತದೆ. ಊಟದ ಜೊತೆ ಕಾಫಿ, ಟೀ ಕುಡಿದರೆ ಇನ್ನೂ ಕಡಿಮೆ ಸಿಗುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ತಿಂಡಿ ಜೊತೆಗೇ ಕಾಫಿ ಆಗಬೇಕು. ಮಗಳೂ ಎರಡು ವರ್ಷದಿಂದ ಕುಡಿಯುತ್ತಿದ್ದಳು, ನಾನೇ ಮಾಡಿ ಕೊಡುತ್ತಿದ್ದೆ. ಮಾರನೇ ದಿನದಿಂದ ಅವಳ ಕಾಫಿ ಸಂಜೆಗೆ ಹೋಯಿತು. ಹುರುಳಿ ಮೊಳಕೆ ಕಟ್ಟಿ ಸಾರು ಮಾಡಿ ನಿಂಬೆ ಹಿಂಡಿದೆ. ಮಧ್ಯಾಹ್ನದ ಡಬ್ಬಿಗೆ ಎರಡು ಚಪಾತಿ ಇದ್ದದ್ದು ನಾಲ್ಕಾಯಿತು. ಜೊತೆಗೆ ಒಂದು ದಿನ ಬಿಟ್ಟು ಒಂದು ದಿನ ಕಬ್ಬಿಣದ ಮಾತ್ರೆ. ದಿನಾ ನುಂಗುವುದಕ್ಕಿಂತ ಹೀಗೆ ಚೆನ್ನಾಗಿ ಹಿಡಿಯುತ್ತದಂತೆ. ಹಾಲಿನ ಜೊತೆ ಬೇಡ ಅಂದರು. ದಯವಿಟ್ಟು ಯಾರೂ ಪರೀಕ್ಷೆ ಮಾಡಿಸದೆ ಈ ಮಾತ್ರೆ ಕೊಡಬೇಡಿ, ಕಬ್ಬಿಣ ಹೆಚ್ಚಾದರೂ ಕೆಡುಕೇ. ಆದರೆ ನಿಮ್ಮ ಮನೆಯಲ್ಲಿ ಓಡುವ ಹುಡುಗಿ ಇದ್ದು ಸುಸ್ತು ಅಂದರೆ, ಫೆರಿಟಿನ್ ಅಂತ ಹೆಸರು ಹೇಳಿ ಪರೀಕ್ಷೆ ಕೇಳಿ.

ಡಬ್ಬಿ ತುಂಬಲು ಮೂರು ತಿಂಗಳಾದರೂ ಬೇಕು ಅಂದರು. ಸೀಸನ್ ಮುಗಿಯಲು ಇದ್ದದ್ದು ಆರು ವಾರ.

ಎರಡು ವಾರ ಅವಳು ರೇಸ್ ಓಡಲಿಲ್ಲ. ನಿಧಾನ ಓಟ ಮಾತ್ರ. ಆ ಹೊತ್ತಿಗೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮೇಲೆ ಬಂದಳು. ಪುಟಾಣಿ, ಹಲ್ಲಿಗೆ ತಂತಿ, ಜೂನ್‌ನಲ್ಲಿ ಎರಡು ಮೈಲಿ ಓಡಲು ಒದ್ದಾಡಿದವಳು. ಐದನೇ ಜಾಗ ಅವಳದಾಯಿತು. ನಾನು ಮಗಳ ಮುಖವನ್ನೇ ನೋಡುತ್ತಿದ್ದೆ, ಹೇಗೆ ತಗೊಳ್ತಾಳೆ ಅಂತ. ಒಂದು ದಿನ ಅವಳ ಓಟದ ಪುಸ್ತಕ ತೆರೆದಿತ್ತು. ಅದರಲ್ಲಿ ತನ್ನ ಸಮಯದ ಪಕ್ಕದಲ್ಲೇ ಆ ಪುಟ್ಟ ಹುಡುಗಿಯ ಸಮಯವನ್ನೂ ಬರೆದಿದ್ದಳು. ಪ್ರತಿ ದಿನದ್ದು. ಅವಳಿಗೆ ಕ್ರಿಸ್ಟಲ್ ಸ್ಪ್ರಿಂಗ್ಸ್ ದಾರಿಯನ್ನು ತಿರುವು ತಿರುವಾಗಿ ಹೇಳಿಕೊಟ್ಟದ್ದೂ ನನ್ನ ಮಗಳೇ. ಇಳಿಜಾರಿನಲ್ಲಿ ತಡೆದುಕೊಳ್ಳಬೇಡ, ಕಾಲನ್ನು ಬಿಟ್ಟುಬಿಡು. ಏರಿನಲ್ಲಿ ತಲೆ ಎತ್ತಬೇಡ, ಮುಂದಿನವಳ ಬೆನ್ನು ನೋಡು. ಇದನ್ನೆಲ್ಲ ನಮ್ಮ ಅಡುಗೆಮನೆಯಿಂದ ಫೋನಿನಲ್ಲಿ ಹೇಳುತ್ತಿದ್ದಳು. ನಾನು ಹುರುಳಿ ಬಸಿಯುತ್ತಾ ಕೇಳುತ್ತಿದ್ದೆ.

ಲೀಗ್ ಫೈನಲ್ಸ್ ಆಯಿತು, ಎರಡನೇ ಸ್ಥಾನ ಬಂತು. ಅದರ ಬಗ್ಗೆ ಹೆಚ್ಚು ಹೇಳಲು ಇಲ್ಲ.

ನವೆಂಬರ್ ನಡುವೆ ಸೆಕ್ಷನ್ ರೇಸ್. ಸ್ಯಾನ್ ಫ್ರಾನ್ಸಿಸ್ಕೋದಿಂದ ಕೆಳಗೆ ಕಿಂಗ್ ಸಿಟಿ ತನಕ ಇರುವ ಶಾಲೆಗಳೆಲ್ಲ ಸೇರಿದ್ದು ಸೆಂಟ್ರಲ್ ಕೋಸ್ಟ್ ಸೆಕ್ಷನ್. ಇಲ್ಲಿ ನಮ್ಮ ವಿಭಾಗದ ಮೊದಲೆರಡು ತಂಡಗಳಲ್ಲಿ ಇದ್ದರೆ ಫ್ರೆಸ್ನೊ, ರಾಜ್ಯ ಮಟ್ಟ. ಇಲ್ಲದಿದ್ದರೆ ಸೀಸನ್ ಅಲ್ಲಿಗೇ ಮುಗಿಯಿತು. ಅದೇ ಸಂಜೆ ಕೂಟದಲ್ಲಿ ರಾಜ್ಯೋತ್ಸವ ಇತ್ತು, ನನಗೆ ಹಾಡುಗಳ ಜವಾಬ್ದಾರಿ. ರೇಷ್ಮೆ ಸೀರೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಡಿಸಿಟ್ಟುಕೊಂಡು ಬೆಳಿಗ್ಗೆ ಗುಡ್ಡ ಹತ್ತಿದೆ.

ಅಂದು ಮಗಳು ಏಳರಲ್ಲಿ ಒಬ್ಬಳಾಗಿ ವಾಪಸ್ ಬಂದಿದ್ದಳು. ಟೆಂಟಿನಲ್ಲಿ ನಾನು ಕಂಡದ್ದು ಇದು. ಆ ಪುಟ್ಟ ಹುಡುಗಿ ತನ್ನ ನಂಬರ್ ಚೀಟಿಯನ್ನು ಜೆರ್ಸಿಗೆ ಪಿನ್ ಮಾಡಲು ಹೋಗುತ್ತಿದ್ದಾಳೆ, ಕೈ ನಡುಗಿ ಆಗುತ್ತಿಲ್ಲ. ಒಂದು ಪಿನ್ ಹುಲ್ಲಿನಲ್ಲಿ ಬಿತ್ತು. ಮಗಳು ಅವಳ ಮುಂದೆ ಮಂಡಿಯೂರಿ ಕೂತಳು. ಚೀಟಿಯ ಒಂದೊಂದು ಮೂಲೆಯನ್ನು ಬಟ್ಟೆಗೆ ಸಮನಾಗಿ ಹಿಡಿದು, ಪಿನ್ನನ್ನು ಒಂದು ಸಲ ಒಳಗೆ, ಒಂದು ಸಲ ಹೊರಗೆ, ಮತ್ತೆ ಒಳಗೆ ತೂರಿಸಿ ಮುಚ್ಚಿದಳು. ಹಾಗೆ ಮಾಡಿದರೆ ಗಾಳಿಗೆ ಹರಿಯುವುದಿಲ್ಲ. ನಾಲ್ಕನೇ ಮೂಲೆಗೆ ಪಿನ್ ಇರಲಿಲ್ಲ. ತನ್ನ ಚೀಟಿಯಿಂದ ಒಂದು ಬಿಚ್ಚಿ ಅವಳಿಗೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು, "ಅಮ್ಮ, ಪಿನ್ ಇದ್ಯಾ?" ಸೀರೆಗೆ ಅಂತ ಇಟ್ಟುಕೊಂಡಿದ್ದ ಪಿನ್ನುಗಳು ನನ್ನ ಬ್ಯಾಗಿನಲ್ಲಿದ್ದವು. ಒಂದು ತೆಗೆದುಕೊಟ್ಟೆ.

ಅವತ್ತು ನಾನು ಸಮಯ ಕೂಗುವ ಕೆಲಸ ಬೇಡ ಅಂದಿದ್ದೆ. ಕೊನೆಗೆ ನಾನೂರು ಮೀಟರ್ ಇರುವಲ್ಲಿ ಹಗ್ಗದ ಪಕ್ಕ ನಿಂತೆ. ಇವರು ಇನ್ನೊಂದು ಬದಿಗೆ. ನಾನು ನಮ್ಮ ಬಣ್ಣ ಎಣಿಸುವುದು, ಅವರು ಎದುರಾಳಿ ಶಾಲೆಯ ಬಣ್ಣ ಎಣಿಸುವುದು ಅಂತ ಮಾತಾಗಿತ್ತು. ಆ ಶಾಲೆಯ ಮೂವರು ನಮ್ಮ ಎರಡನೆಯವಳಿಗಿಂತ ಮೊದಲೇ ಹೋಗಿಬಿಟ್ಟರು. ಇಲ್ಲಿಗೆ ಮುಗಿಯಿತು ಅನ್ನಿಸಿತು. ನಮ್ಮ ಮೂರು, ನಮ್ಮ ನಾಲ್ಕು. ಆಮೇಲೆ ಯಾವ್ಯಾವುದೋ ಬಣ್ಣಗಳು. ಅಷ್ಟರಲ್ಲಿ ಪುಟ್ಟ ಹುಡುಗಿ ತಲೆ ತಗ್ಗಿಸಿಕೊಂಡು, ಮುಂದಿನವಳ ಬೆನ್ನಿಗೆ ಕಣ್ಣು ನೆಟ್ಟು ಬಂದಳು. ಅವಳ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಮಗಳು. ಕೆನ್ನೆಯಲ್ಲಿ ಬಣ್ಣ ಇತ್ತು. ತಿಂಗಳಾಗಿತ್ತು ನಾನು ಆ ಬಣ್ಣ ನೋಡಿ. ಮಗಳ ಹೆಗಲಿಗೆ ಹೆಗಲು ತಾಗಿಸಿಕೊಂಡು ಎದುರಾಳಿ ಶಾಲೆಯ ನಾಲ್ಕನೆಯವಳು. ನಾನು ಏನು ಕೂಗಿದೆ ಅಂತ ನನಗೆ ನೆನಪಿಲ್ಲ. "ಬಿಡಬೇಡ, ಬಿಡಬೇಡ" ಅಂತ ಕೂಗಿದೆ ಅಂತ ಇವರು ಆಮೇಲೆ ಹೇಳಿದರು.

ಫಲಿತಾಂಶ ಬರಲು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಯಾರೂ ಕೂರಲಿಲ್ಲ. ಮೊದಲ ತಂಡ ಬಹಳ ಮುಂದೆ ಇತ್ತು, ಅದರಲ್ಲಿ ಅನುಮಾನವಿರಲಿಲ್ಲ. ಎರಡನೆಯದಕ್ಕೆ ನಾವು, ಅವರು. ನಮ್ಮವರು 8, 13, 17, 24, 33. ಮೊತ್ತ 95. ಅವರು 3, 7, 12, 37, 39. ಮೊತ್ತ 98. ಮಗಳು 36. ಅವಳು ಮೊತ್ತದಲ್ಲಿ ಇಲ್ಲ. ಆದರೆ ಅವರ ನಾಲ್ಕನೆಯವಳು, ಐದನೆಯವಳು ಇಬ್ಬರೂ ಅವಳ ಹಿಂದೆ. ಅವಳಿಲ್ಲದಿದ್ದರೆ ಅವರದ್ದು 96 ಆಗುತ್ತಿತ್ತು. ಮೂರು ಅಂಕದ ಗೆಲುವಿನಲ್ಲಿ ಎರಡು ಅಂಕ ಆರನೆಯವಳದ್ದು. ಕೋಚ್ ಹಾಳೆಯ ಮೇಲೆ ಬೆರಳಿಟ್ಟು ಇದನ್ನು ಅವಳಿಗೆ ತೋರಿಸಿದರು. ಅವಳು ಎರಡು ಸಲ ಎಣಿಸಿ ನೋಡಿದಳು.

ಸಂಜೆ ಸೀರೆ ಉಟ್ಟು ಹಾಡಲು ನಿಂತಾಗ ನನ್ನ ದನಿ ಪೂರ್ತಿ ಹೋಗಿತ್ತು. ಪಕ್ಕದವರು ಹಾಡಿದರು, ನಾನು ತುಟಿ ಆಡಿಸಿದೆ.

ರಾಜ್ಯ ಮಟ್ಟದ ರೇಸ್ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ. 1987ರಿಂದ ಅದು ವುಡ್‌ವರ್ಡ್ ಪಾರ್ಕ್‌ನಲ್ಲೇ ನಡೆಯುತ್ತಿದೆ. ಐದು ವಿಭಾಗ, ಹುಡುಗರಿಗೆ ಐದು ರೇಸ್, ಹುಡುಗಿಯರಿಗೆ ಐದು. ದೂರ ಸರಿಯಾಗಿ ಐದು ಕಿಲೋಮೀಟರ್. ಶುಕ್ರವಾರ ಹೊರಟೆವು. ಗಿಲ್ರಾಯ್ ಬಂದಾಗ ಕಾರಿನೊಳಗೆಲ್ಲ ಬೆಳ್ಳುಳ್ಳಿ ವಾಸನೆ. ಅಲ್ಲಿಂದ ಪಚೇಕೊ ಕಣಿವೆ ಹತ್ತಿ ಇಳಿದರೆ ಸ್ಯಾನ್ ಲೂಯಿಸ್ ಜಲಾಶಯ, ಆಮೇಲೆ ನೋಡಿದಷ್ಟು ದೂರ ಬಾದಾಮಿ ತೋಟ. ಹಿಂದಿನ ಸೀಟಿನಲ್ಲಿ ಮೂವರು ಹುಡುಗಿಯರು, ಮಡಿಲಲ್ಲಿ ಚಿತ್ರಾನ್ನದ ಡಬ್ಬಿ.

ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪಾರ್ಕಿನ ಆಚೆ ತುದಿಯ ಮರಗಳು ಕಾಣುತ್ತಿರಲಿಲ್ಲ. ಆ ಬಯಲಿನಲ್ಲಿ ಚಳಿಗಾಲಕ್ಕೆ ಹೀಗೇ. ಹುಲ್ಲು ಒದ್ದೆ, ಚಳಿಗೆ ಮಕ್ಕಳ ಮೊಣಕಾಲು ಕೆಂಪಗೆ. ಶುರುವಿನ ಗೆರೆಯಲ್ಲಿ ನೆಲದ ಮೇಲೆ ಸುಣ್ಣದಲ್ಲಿ ಚೌಕ ಚೌಕ ಎಳೆದಿರುತ್ತಾರೆ, ಒಂದೊಂದು ಶಾಲೆಗೆ ಒಂದೊಂದು. ನಮ್ಮ ಏಳು ಜನ ತಮ್ಮ ಚೌಕದಲ್ಲಿ ಹೆಗಲ ಮೇಲೆ ಕೈ ಹಾಕಿ ತಲೆ ತಲೆ ತಾಗಿಸಿ ನಿಂತರು. ಏನು ಮಾತಾಡಿದರು ಅಂತ ಕೇಳಿದೆ, ಹೇಳಲಿಲ್ಲ. ಅದು ಅವರದ್ದು.

ಗುಂಡು ಹಾರಿತು. ಅಕ್ಟೋಬರ್‌ನಲ್ಲಿ ಅವಳು ನಡೆದ ಹಾಗೆ ಓಡಿದ್ದ ಜಾಗಕ್ಕೆ ಹೋಗಿ ನಿಂತೆ. ಪುಟ್ಟ ಹುಡುಗಿ, ಮಗಳು ಇಬ್ಬರೂ ಒಟ್ಟಿಗೇ ಬಂದರು, ಜೊತೆಗೇ ಮುಂದೆ ಹೋದರು. ಮಗಳು 20 ನಿಮಿಷ 51 ಸೆಕೆಂಡಿಗೆ ಮುಗಿಸಿದಳು. ಕ್ಲೋವಿಸ್‌ನಲ್ಲಿ ಓಡಿದ್ದಕ್ಕಿಂತ ಒಂದು ನಿಮಿಷ ನಲವತ್ತು ಸೆಕೆಂಡ್ ಕಡಿಮೆ. ತಂಡ ನಮ್ಮ ವಿಭಾಗದಲ್ಲಿ ಹದಿನೆಂಟನೆಯದು. ಅಷ್ಟು ದೊಡ್ಡ ರಾಜ್ಯದಲ್ಲಿ ಹದಿನೆಂಟು. ನಮಗೆ ಬಹಳ ಖುಷಿ ಆಯಿತು. ಕ್ಯಾಪ್ಟನ್‌ಗೆ ಅದು ಶಾಲೆಯ ಕೊನೆಯ ಗುಡ್ಡಗಾಡು ಓಟ. ಸ್ಪೈಕ್ಸ್, ಅಂದರೆ ಮೊಳೆ ಇರುವ ಓಟದ ಬೂಟು, ಬಿಚ್ಚಿ ತಲೆಕೆಳಗು ಹಿಡಿದಳು, ಫ್ರೆಸ್ನೊದ ಒದ್ದೆ ಮಣ್ಣು ಉದುರಿತು. ಅವುಗಳನ್ನು ಚೀಲಕ್ಕೆ ಹಾಕಲು ಅವಳಿಗೆ ಮನಸ್ಸೇ ಬರಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಬಸ್ ಹತ್ತಿದಳು.

ಆ ರಾತ್ರಿ ಮನೆ ಸೇರಿ ಊರಿಗೆ ಫೋನ್ ಮಾಡಿದೆವು. ಅಲ್ಲಿ ಕೊಯ್ಲಿನ ಸಮಯ, ಅಂಗಳದಲ್ಲಿ ಅಡಿಕೆ ಹರಡಿರುವುದು ಫೋನಿನಲ್ಲಿ ಕಾಣುತ್ತಿತ್ತು. ಮಗಳು ಫೋನ್ ಹಿಡಿದಿದ್ದಳು. ಅಜ್ಜಿ ಕನ್ನಡಕ ಸರಿ ಮಾಡಿಕೊಂಡರು.

"ಆ ಸಣ್ಣ ಕೂಸು ಹೇಗೆ ಓಡ್ತು? ಐದನೆಯದು?"

"ಚೆನ್ನಾಗಿ ಓಡಿದ್ಲು ಅಜ್ಜಿ. ನನ್ಗಿಂತ ನಾಲ್ಕು ಸೆಕೆಂಡ್ ಮುಂದೆ."

"ಹೌದಾ. ಒಳ್ಳೇದಾಯ್ತು. ನೀನು ಇವತ್ತು ಮಾತ್ರೆ ತಗೊಂಡ್ಯಾ?"

ತಗೊಂಡಿರಲಿಲ್ಲ. ಎದ್ದು ಹೋಗಿ ನಿಂಬೆ ಕೊಯ್ದು ಪಾನಕ ಮಾಡಿಕೊಂಡು ಬಂದಳು.